ಫಾನಿಗೆ ಕೊಟ್ಟ ಮುತ್ತು

ಒಡಿಲ್ ಮಾಂಸ ತರಲು ಬೆಟ್ಟ ಇಳಿದು ಪಕ್ಕದ ಊರಿಗೆ ಹೋಗುತ್ತಾಳೆ. ನಮ್ಮ ಊರಿನಲ್ಲೇ, ಚೌಕದ ಮೂಲೆಯಲ್ಲೇ, ಗಾಸ್ಪಾರನ ಮಾಂಸದಂಗಡಿ ಇದೆ. ಅವನು ಮಾಡುವ ಸಾಸೇಜಿಗಾಗಿ ಸಮುದ್ರದ ಕಡೆಯವರೂ ಕಾರು ಮಾಡಿಕೊಂಡು ಬರುತ್ತಾರೆ. ಒಡಿಲ್ ಮಾತ್ರ ಆ ಅಂಗಡಿಯ ಹೊಸ್ತಿಲು ತುಳಿದು ಹನ್ನೆರಡು ವರ್ಷವಾಯಿತು. ಮಿಸ್ತ್ರಾಲ್ ಗಾಳಿ ಹೆಂಚು ಹಾರಿಸುವ ದಿನವೂ ಅವಳ ಹಳೇ ವ್ಯಾನು ಗೊರಗೊರ ಎನ್ನುತ್ತ ಇಳಿಜಾರು ಇಳಿಯುವುದನ್ನು ನನ್ನ ಕೆಫೆಯ ಕಿಟಕಿಯಿಂದ ನೋಡಿದ್ದೇನೆ. ದ್ವೇಷ ಮಾಡಿದರೆ ಹಾಗೆ ಮಾಡಬೇಕು. ಬೆಳಿಗ್ಗೆ ಕಿತ್ತಾಡಿ ಸಂಜೆ ಒಂದೇ ಮೇಜಿಗೆ ಕೂತು ಕುಡಿಯುವವರೇ ನಮ್ಮಲ್ಲಿ ಹೆಚ್ಚು. ಅವರಿಂದಲೇ ನನ್ನ ವ್ಯಾಪಾರ ನಡೆಯುತ್ತದೆ, ಆದರೆ ಅವರ ಮೇಲೆ ನನಗೆ ಗೌರವವಿಲ್ಲ.

ಒಡಿಲ್ ಮೇಕೆ ಸಾಕುತ್ತಾಳೆ, ಚೀಸ್ ಮಾಡುತ್ತಾಳೆ, ಸಂತೆಯ ದಿನ ಚೌಕದಲ್ಲಿ ಮೇಜು ಹಾಕಿ ಮಾರುತ್ತಾಳೆ. ಗಾಸ್ಪಾರನ ಹೆಂಡತಿ ಬಂದರೆ ಅವಳಿಗೂ ಒಳ್ಳೆಯದನ್ನೇ ಆರಿಸಿ ಕೊಡುತ್ತಾಳೆ, ಆ ಹೆಂಗಸಿನದೇನೂ ತಪ್ಪಿಲ್ಲ ಎನ್ನುತ್ತಾಳೆ. ಗಾಸ್ಪಾರನೇ ಎದುರು ಬಂದರೆ ಮಾತ್ರ "ನೀವು" ಎಂದು ಮಾತಾಡಿಸುತ್ತಾಳೆ. ಚಿಕ್ಕಂದಿನಲ್ಲಿ ತನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಆಡಿಸಿದ ಮನುಷ್ಯನನ್ನು! ನಮ್ಮ ಊರಿನಲ್ಲಿ "ನೀವು" ಎನ್ನುವುದು ತೆರಿಗೆಯವರಿಗೆ, ದಾರಿ ತಪ್ಪಿ ಬಂದವರಿಗೆ. ಉಳಿದವರೆಲ್ಲ "ನೀನು". ಅವಳು ಮೊದಲ ಸಲ ಹಾಗೆಂದಾಗ ಗಾಸ್ಪಾರ್ ಯಾರೋ ಬೆನ್ನ ಹಿಂದೆ ನಿಂತಿದ್ದಾರೇನೋ ಎಂದು ತಿರುಗಿ ನೋಡಿದ.

ಇದಕ್ಕೆಲ್ಲ ಮೂಲ ನನ್ನ ಗೋಡೆಯ ಮೇಲೇ ಇದೆ. ಬಾಟಲಿಗಳ ಪಕ್ಕದಲ್ಲಿ ಒಂದು ಚೌಕಟ್ಟು, ಅದಕ್ಕೊಂದು ಕೆಂಪು ಪರದೆ, ಪಕ್ಕದಲ್ಲಿ ಪುಟ್ಟ ಗಂಟೆ. ಪರದೆ ಸರಿಸಿದರೆ ಫಾನಿ. ಹಿಂದೆ ತಿರುಗಿ ನಿಂತು ಲಂಗ ಎತ್ತಿದ ದುಂಡು ಹೆಂಗಸಿನ ಚಿತ್ರ. ಪೆತಾಂಕ್ ಆಡುವ ಕಡೆಯೆಲ್ಲ ಫಾನಿ ಇರುತ್ತಾಳೆ. ಮರದ ಪುಟ್ಟ ಗೋಲಿಯ ಹತ್ತಿರಕ್ಕೆ ಉಕ್ಕಿನ ಗುಂಡು ಎಸೆಯುವ ಆಟ ಅದು. ಯಾರ ಗುಂಡು ಹತ್ತಿರವೋ ಅವರಿಗೆ ಅಂಕ, ಹದಿಮೂರಾದರೆ ಗೆಲುವು. ಸೋಲುವುದು ದೊಡ್ಡ ವಿಷಯವಲ್ಲ. ಆದರೆ ಒಂದು ಅಂಕವೂ ಇಲ್ಲದೆ, ಹದಿಮೂರು ಸೊನ್ನೆಗೆ ಸೋತವನು ಎಲ್ಲರೆದುರು ಮಂಡಿಯೂರಿ ಫಾನಿಯ ಹಿಂಭಾಗಕ್ಕೆ ಮುತ್ತು ಕೊಡಬೇಕು. ಗಂಟೆ ಬಾರಿಸುತ್ತಾರೆ, ಜನ ಹೊಟ್ಟೆ ಹಿಡಿದು ನಗುತ್ತಾರೆ.

ಇದರಲ್ಲೂ ಒಂದು ಮರ್ಯಾದೆ ಇದೆ. ಹನ್ನೆರಡು ಸೊನ್ನೆಯಾದಾಗ ಎದುರಾಳಿ ಮುದುಕನೋ ಕಾಯಿಲೆಯವನೋ ಆಗಿದ್ದರೆ, ಗೆಲ್ಲುವವನ ಕೈಯಿಂದ ಕೊನೆಯ ಗುಂಡು ಜಾರಿ ಪ್ಲಾತಾನ್ ಮರದ ಬೇರಿನ ಕಡೆ ಉರುಳಿಬಿಡುತ್ತದೆ. ಸೋಲುವವನಿಗೆ ಒಂದು ಅಂಕ ಸಿಗುತ್ತದೆ, ಮುತ್ತು ತಪ್ಪುತ್ತದೆ. ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ.

ಒಡಿಲಳ ಅಪ್ಪ ಆನ್ಸೆಲ್ಮ್ ಕಲ್ಲಿನ ಕಟ್ಟೆ ಕಟ್ಟುತ್ತಿದ್ದವನು. ಈ ಬೆಟ್ಟದ ಆಲಿವ್ ತೋಟಗಳು ಇನ್ನೂ ಕುಸಿಯದೆ ನಿಂತಿರುವುದು ಅವನ ಕೈಯಿಂದ. ಹನ್ನೆರಡು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ಅವನ ಒಂದು ಶ್ವಾಸಕೋಶದ ಅರ್ಧ ತೆಗೆದಿದ್ದರು. ಆಗಸ್ಟಿನ ಊರಹಬ್ಬದಲ್ಲಿ, ಅಂಗಿ ದೊಗಳೆಯಾಗಿ, ಬೆಳ್ಳಗಾಗಿ, ಆದರೂ ಗುಂಡಿನ ಚೀಲ ಹಿಡಿದು ಬಂದ. ಎದುರಾಗಿ ಸಿಕ್ಕವನು ಗಾಸ್ಪಾರ್, ಅವನ ಜೀವದ ಗೆಳೆಯ. ಆನ್ಸೆಲ್ಮನ ಕೈ ಏಳುತ್ತಲೇ ಇರಲಿಲ್ಲ. ಹನ್ನೆರಡು ಸೊನ್ನೆಯಾಯಿತು. ಕೊನೆಗೆ ಅವನು ಎಸೆದ ಒಂದು ಗುಂಡು ಹೇಗೋ ಗೋಲಿಗೆ ಅಂಟಿಕೊಂಡು ನಿಂತಿತು. ಗಾಸ್ಪಾರನ ಕೈಯಲ್ಲಿ ಇನ್ನೊಂದು ಗುಂಡಿತ್ತು. ಎಲ್ಲರೂ ಮರದ ಬೇರಿನ ಕಡೆ ನೋಡಿದೆವು. ಅವನು ಗುರಿಯಿಟ್ಟು ಹೊಡೆದ. ಆನ್ಸೆಲ್ಮನ ಗುಂಡು ಹಾರಿ ಚರಂಡಿಗೆ ಬಿತ್ತು, ಗಾಸ್ಪಾರನದು ಅದೇ ಜಾಗದಲ್ಲಿ ಕೂತಿತು.

ಆನ್ಸೆಲ್ಮ್ ಮಂಡಿಯೂರಿದ. ಏಳುವಾಗ ಕೆಮ್ಮು ಹತ್ತಿ ಎದ್ದೇಳಲಾಗಲಿಲ್ಲ, ಮಗಳು ಬಂದು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು. ಅವತ್ತಿನಿಂದ ಅವನು ಚೌಕಕ್ಕೆ ಕಾಲಿಡಲಿಲ್ಲ. ಬಾದಾಮಿ ಹೂ ಬಿಡುವ ಹೊತ್ತಿಗೆ ಸತ್ತ. ಕಾಯಿಲೆಯಿಂದ ಸತ್ತ ಎಂದು ಡಾಕ್ಟರು ಹೇಳಿದರು. ಒಡಿಲ್ ಒಪ್ಪಲಿಲ್ಲ. ಕೊನೆಯ ಆ ಆರು ತಿಂಗಳು ಅಪ್ಪ ಚೌಕದ ಕಡೆಯ ಕಿಟಕಿಯನ್ನೇ ತೆರೆಯಗೊಡಲಿಲ್ಲ, ಅದನ್ನು ನೋಡಿದವಳು ನಾನು ಎನ್ನುತ್ತಿದ್ದಳು.

ಅಪ್ಪನನ್ನು ಮಣ್ಣು ಮಾಡಿ ಬಂದವಳೇ ಅವನ ಗುಂಡುಗಳನ್ನು ತೆಗೆದಳು. ಅಲ್ಲಿಯವರೆಗೆ ಅವಳು ಆಡಿದವಳಲ್ಲ. ಮೇಕೆ ಕೊಟ್ಟಿಗೆಯ ಹಿಂದೆ ಕಲ್ಲು ತುಂಬಿದ ಒಂದು ಪಟ್ಟಿ ಜಾಗವಿದೆ. ಹಾಲು ಕರೆದ ಮೇಲೆ ಅಲ್ಲಿ ನಿಂತು ಎಸೆಯಲು ಶುರುಮಾಡಿದಳು. ಟಣ್ ಟಣ್ ಸದ್ದು ಇಡೀ ಬೆಟ್ಟಕ್ಕೆ ಕೇಳುತ್ತಿತ್ತು. ಮೊದಲ ವರ್ಷ ಜನ ನಕ್ಕರು. ಮೇಕೆಗಳೂ ಒಂದು ತಂಡ ಕಟ್ಟಿವೆಯಂತೆ ಎಂದು ಗಾಸ್ಪಾರನೇ ನನ್ನ ಕೆಫೆಯಲ್ಲಿ ಕೂತು ಹಂಗಿಸಿದ. ಆಮೇಲೆ ಅವಳು ಕೆಳಗಿನ ಊರುಗಳ ಪಂದ್ಯ ಗೆದ್ದು ಹಂದಿ ತೊಡೆ, ವೈನ್ ಪೆಟ್ಟಿಗೆ ಹೊತ್ತು ತರತೊಡಗಿದಾಗ ನಗು ನಿಂತಿತು. ಸುಳ್ಳೇಕೆ, ಆಟ ಅವಳಿಗೆ ಹಿಡಿಸಿಬಿಟ್ಟಿತ್ತು. ಗುಂಡು ಕೈಯಲ್ಲಿದ್ದಾಗ ಅವಳ ಮುಖ ನೋಡಬೇಕಿತ್ತು, ಪ್ರಾಯದ ಹುಡುಗಿಯಂತೆ ಆಗುತ್ತಿತ್ತು. ಆದರೂ ನಮ್ಮ ಚೌಕದಲ್ಲಿ ಅವಳು ಇಳಿಯಲಿಲ್ಲ. ಯಾಕೆ ಎಂದರೆ, ಹದಿಮೂರು ಸೊನ್ನೆಗೆ ಹೊಡೆಯುವ ಧೈರ್ಯ ಬಂದ ದಿನ ಇಳಿಯುತ್ತೇನೆ, ಬರೀ ಗೆದ್ದು ಏನು ಮಾಡಲಿ ಎಂದಳು.

ಹೋದ ಆಗಸ್ಟಿನಲ್ಲಿ ಇಳಿದಳು. ಬೆಳಿಗ್ಗೆಯೇ ನಾವು ಹೆಂಗಸರು ದೊಡ್ಡ ಒರಳುಗಳಲ್ಲಿ ಬೆಳ್ಳುಳ್ಳಿ ಅರೆದು, ಹನಿಹನಿಯಾಗಿ ಆಲಿವ್ ಎಣ್ಣೆ ಬಿಟ್ಟು ಅಯೋಲಿ ತಿರುವುತ್ತಿದ್ದೆವು. ಉಪ್ಪುಮೀನು ಬೆಂದಿತ್ತು, ಗಜ್ಜರಿ, ಆಲೂಗಡ್ಡೆ, ಮೊಟ್ಟೆ, ಬಸವನಹುಳು ಎಲ್ಲ ಉದ್ದ ಮೇಜುಗಳಿಗೆ ಬರುತ್ತಿದ್ದವು. ಒಡಿಲ್ ನನ್ನ ಪಕ್ಕದಲ್ಲೇ ಒನಕೆ ತಿರುವುತ್ತಿದ್ದಳು. ಚೀಟಿ ಎತ್ತಿ ಗಾಸ್ಪಾರನ ಹೆಸರಿನ ಜೊತೆ ಅವಳ ಹೆಸರು ಕೂಗಿದಾಗ ಒನಕೆ ನನ್ನ ಕೈಗೆ ಕೊಟ್ಟು, ಕೈ ತೊಳೆದುಕೊಂಡು ಹೋದಳು.

ಗಾಸ್ಪಾರನಿಗೆ ಎಪ್ಪತ್ತು ದಾಟಿದೆ, ಮಂಡಿ ಹೋಗಿದೆ. ಬಗ್ಗಲಾರದೆ, ದಾರಕ್ಕೆ ಆಯಸ್ಕಾಂತ ಕಟ್ಟಿ ಗುಂಡು ಎತ್ತಿಕೊಳ್ಳುತ್ತಾನೆ. ಆದರೂ ಅವನು ಕೆಟ್ಟದಾಗಿ ಆಡಲಿಲ್ಲ. ಅವಳು ಆಡಿದ್ದೇ ಹಾಗಿತ್ತು. ಅವನು ಗೋಲಿಯ ಹತ್ತಿರ ತಂದಿಟ್ಟ ಪ್ರತಿಯೊಂದು ಗುಂಡನ್ನೂ ಹೊಡೆದು ಹಾರಿಸಿದಳು. ಹನ್ನೆರಡು ಸೊನ್ನೆ. ಆಗ ಅವನ ಕೊನೆಯ ಗುಂಡು ಉರುಳಿ ಉರುಳಿ ಗೋಲಿಗೆ ಅಂಟಿ ನಿಂತಿತು. ಅದನ್ನು ಬಿಟ್ಟರೆ ಹತ್ತಿರವಿದ್ದದ್ದು ಅವಳ ಗುಂಡೇ. ಅವಳ ಕೈಯಲ್ಲಿ ಇನ್ನು ಒಂದೇ ಗುಂಡು. ಊಟಕ್ಕೆ ಕೂತವರು ಫೋರ್ಕು ಕೆಳಗಿಟ್ಟರು. ಬೇರಿನ ಕಡೆ ಬಿಡು ಮಗಳೇ ಎಂದು ನನ್ನ ಗಂಡ ಮೆಲ್ಲಗೆ ಅಂದ. ನಾನು ಅವನ ಕಾಲು ತುಳಿದೆ.

ಅವಳು ಹೊಡೆದಳು. ಗಾಸ್ಪಾರನ ಗುಂಡು ಕಾರಂಜಿಯ ಕಲ್ಲಿಗೆ ಬಡಿದು ನಿಂತಿತು.

ಆಗ ಶುರುವಾಯಿತು ಊರಿನ ಕನಿಕರ. ಪಾಪ ಅವನ ಮಂಡಿ, ಪಾಪ ಅವನ ವಯಸ್ಸು, ಮೊಮ್ಮಕ್ಕಳೆಲ್ಲ ಇದ್ದಾರೆ, ಹೋಗಲಿ ಬಿಡು. ಆನ್ಸೆಲ್ಮ್ ಮಂಡಿಯೂರಿದ ದಿನ ಈ ಪಾಪ ಯಾರ ಬಾಯಲ್ಲೂ ಬಂದಿರಲಿಲ್ಲ. ನನ್ನ ಮೈ ಉರಿಯಿತು. ಒಡಿಲ್ ಸೀದಾ ಕೆಫೆಯೊಳಗೆ ಹೋಗಿ, ಫಾನಿಯನ್ನು ಮೊಳೆಯಿಂದ ಇಳಿಸಿಕೊಂಡು, ಪರದೆ ಸಮೇತ ಹೊತ್ತು ತಂದಳು. ಗಾಸ್ಪಾರ್ ಕುರ್ಚಿಯಲ್ಲಿ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದ. ಅವನ ಮೂಗಿನ ಮುಂದೆ ಹಿಡಿದಳು.

"ಮಂಡಿ ಊರೋದು ಬೇಡ," ಅಂದಳು. "ನಿಮಗೆ ಕಷ್ಟ ಆಗಬಾರ್ದು ಅಂತ ನಾನೇ ತಂದಿದೀನಿ."

ಹನ್ನೆರಡು ವರ್ಷ ಅವಳು ಕಾದಿದ್ದು ಈ ಮುಖವನ್ನು ನೋಡಲಿಕ್ಕೆ. ಆ ಮುಖ ಕೆಂಪಾಗಬೇಕು, ತಗ್ಗಬೇಕು, ಅಪ್ಪನ ಮುಖ ಹೇಗಾಗಿತ್ತೋ ಹಾಗಾಗಬೇಕು.

ಗಾಸ್ಪಾರ್ ನಕ್ಕುಬಿಟ್ಟ. ಹೊಟ್ಟೆ ಕುಲುಕುವಂತೆ ನಕ್ಕು, ಮೀಸೆ ಒರೆಸಿಕೊಂಡು, ಚೌಕದ ಆಚೆಗೂ ಕೇಳುವಂತೆ ಫಾನಿಗೆ ಲೊಚಕ್ಕನೆ ಮುತ್ತು ಕೊಟ್ಟ. ಮೊಮ್ಮಕ್ಕಳು ಚಪ್ಪಾಳೆ ತಟ್ಟಿದವು. ಎಲ್ಲರಿಗೂ ನನ್ನ ಲೆಕ್ಕದಲ್ಲಿ ಒಂದೊಂದು ಗ್ಲಾಸು ಪಾಸ್ತಿಸ್ ಎಂದು ಕೂಗಿದ. ಒಡಿಲ್ ಚೌಕಟ್ಟು ಹಿಡಿದುಕೊಂಡೇ ನಿಂತಿದ್ದಳು. ಗೆದ್ದವಳ ಮುಖ ಅದಾಗಿರಲಿಲ್ಲ. ನಾಚಿಕೆಯೇ ಇಲ್ಲದವನಿಗೆ ನಾಚಿಕೆ ಎಲ್ಲಿಂದ ತರುವುದು? ನನಗೆ ಆ ಚೌಕಟ್ಟನ್ನು ಅವನ ತಲೆಗೇ ಹಾಕಬೇಕೆನ್ನಿಸಿತು.

ಗಾಸ್ಪಾರ್ ಕುರ್ಚಿ ಹಿಡಿದು ಎದ್ದು ಅವಳ ಹತ್ತಿರ ಬಂದ.

"ಸರಿ, ಊಟ ಮುಗಿಸಿ ಮರುಪಂದ್ಯ ಆಡೋಣ. ಸೋತವನ ಹಕ್ಕು ಅದು."

ಅದು ನಿಜ. ಸೋತವನು ಮರುಪಂದ್ಯ ಕೇಳಿದರೆ ಇಲ್ಲವೆನ್ನುವ ಪದ್ಧತಿ ನಮ್ಮಲ್ಲಿಲ್ಲ. ಹೆಂಡತಿಯನ್ನು ಓಡಿಸಿಕೊಂಡು ಹೋದವನ ಜೊತೆಗೂ ಗಂಡ ಮರುಪಂದ್ಯ ಆಡಿದ್ದಾನೆ. ಗಾಸ್ಪಾರ್ ದನಿ ತಗ್ಗಿಸಿದ. ಪಕ್ಕದಲ್ಲೇ ಗ್ಲಾಸು ಹಿಡಿದು ನಿಂತಿದ್ದ ನನಗೆ ಕೇಳಿಸಿತು.

"ನಿಮ್ಮಪ್ಪ ಕೇಳ್ಲೇ ಇಲ್ಲ ಕಣೆ. ಕಾಯಿಲೆಯೋನು ಅಂತ ನಾನು ಒಂದು ಅಂಕ ಬಿಟ್ಟುಕೊಟ್ಟಿದ್ರೆ, ಅವನನ್ನ ಆಗ್ಲೇ ಸಾಯ್ಸಿದ ಹಾಗಾಗ್ತಿತ್ತು. ನಾಳೆ ಬಂದು ಬೈತಾನೆ, ಮರುಪಂದ್ಯ ಕೇಳ್ತಾನೆ ಅಂತಿದ್ದೆ. ಇಡೀ ಚಳಿಗಾಲ ಸಂಜೆ ಸಂಜೆ ಬಂದು ಆ ಬೆಂಚಲ್ಲಿ ಕೂತೆ. ಬರ್ಲಿಲ್ಲ."

ಕೂತಿದ್ದು ಹೌದು. ಆಡುವವರಿಗಾಗಿ ಕಾಯುತ್ತಾನೆಂದು ನಾವೆಲ್ಲ ಅಂದುಕೊಂಡಿದ್ದೆವು. ಈಗ ಅವನ ಮುಖದಲ್ಲಿ ನಗುವಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕರಗಿ ಅವನನ್ನು ತಬ್ಬಿಕೊಳ್ಳುತ್ತಿದ್ದರು. ನನ್ನ ಗಂಡನಂತೂ ಕಣ್ಣೊರೆಸಿಕೊಳ್ಳಲು ತಯಾರಾಗಿದ್ದ. ಒಡಿಲ್ ಗಾಸ್ಪಾರನನ್ನು ಮೇಲಿಂದ ಕೆಳಗೆ ನೋಡಿದಳು. ಎಲ್ಲಿ ಹೊಡೆದರೆ ನೋಯುತ್ತದೆಂದು ಅವಳಿಗೆ ಆಗ ಗೊತ್ತಾಯಿತು.

"ಆಡಲ್ಲ," ಅಂದಳು.

"ಇವತ್ತು ಬೇಡ ಅಂದ್ರೆ ನಾಳೆ."

"ನಾಳೆನೂ ಇಲ್ಲ. ನಿಮ್ಮ ಜೊತೆ ಇನ್ನು ಯಾವತ್ತೂ ಆಡಲ್ಲ."

ಫಾನಿಯನ್ನು ನನ್ನ ಕೈಗಿಟ್ಟು, ತಟ್ಟೆ ತುಂಬ ಮೀನು, ಅಯೋಲಿ ಬಡಿಸಿಕೊಂಡು ಕೂತಳು. ರೊಟ್ಟಿಯಲ್ಲಿ ತಟ್ಟೆ ಒರೆಸಿ ಒರೆಸಿ ತಿಂದಳು. ಬೇರೆಯವರು ಬಂದು ನಮ್ಮ ಜೊತೆಯಾದರೂ ಆಡು ಎಂದರು, ಯಾರ ಜೊತೆಯೂ ಆಡಲಿಲ್ಲ. ಒಬ್ಬರ ಜೊತೆ ಆಡಿ ಗಾಸ್ಪಾರನಿಗೆ ಮಾತ್ರ ಇಲ್ಲವೆನ್ನಲು ಪದ್ಧತಿ ಬಿಡುವುದಿಲ್ಲ. ಹಾಗಾಗಿ ಆಟವನ್ನೇ ಬಿಟ್ಟಳು. ಗುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ದಾಳೆ. ಬೆಟ್ಟದ ಮೇಲಿಂದ ಈಗ ಮೇಕೆಗಳ ಸದ್ದು ಬಿಟ್ಟರೆ ಏನೂ ಕೇಳಿಸುವುದಿಲ್ಲ. ಸಂಜೆಯಾದರೆ ಅವಳ ಕೈಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ, ನನ್ನ ಕೆಫೆಗೆ ಬಂದು ಸುಮ್ಮನೆ ಗ್ಲಾಸು ಒರೆಸಿಕೊಡುತ್ತಾಳೆ.

ಗಾಸ್ಪಾರ್ ದಿನಾ ಬರುತ್ತಾನೆ. ಅಂಗಡಿಗೆ ಶಟರ್ ಎಳೆದು, ಕುಂಟುತ್ತ ಬಂದು, ಬೆಂಚಿನ ಮೇಲೆ ಗುಂಡಿನ ಚೀಲ ಇಟ್ಟುಕೊಂಡು ಕೂರುತ್ತಾನೆ. ಅವಳು ಚೀಸ್ ಬುಟ್ಟಿ ಹಿಡಿದು ಮುಂದೆಯೇ ಹಾದುಹೋದರೆ ಎದ್ದು ನಿಲ್ಲುತ್ತಾನೆ. ಅವಳು ಅವನ ಕಡೆ ತಿರುಗಿಯೂ ನೋಡುವುದಿಲ್ಲ.

ಮೊನ್ನೆ ಮಳೆ ಹನಿಯುತ್ತಿತ್ತು. ಅವನು ಎದ್ದು ಹೋಗಿರಲಿಲ್ಲ, ತಲೆಯ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಹೊದ್ದು ಕೂತಿದ್ದ. ಇಷ್ಟು ದಿನ ಅವಳ ಪಕ್ಷ ವಹಿಸಿದ ನನಗೂ ನೋಡಲಾಗಲಿಲ್ಲ.

"ಇನ್ನೂ ಎಷ್ಟು ದಿನ ಕೂರಿಸ್ತೀಯೆ ಅವನ್ನ?" ಎಂದು ಕೇಳಿದೆ.

ಒಡಿಲ್ ಕೈಯಲ್ಲಿದ್ದ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿ, ಕೆಳಗಿಟ್ಟಳು.

"ನಮ್ಮಪ್ಪ ಬರೋವರೆಗೂ, ರೆಜೀನಕ್ಕ," ಅಂದಳು.