ಮಣ್ಣು ತಿನ್ನುವ ಅಕ್ಕ

ಕಮಲಾಪುರದ ಕೆಂಪು ಬಾಳೆಹಣ್ಣಿನ ಬಗ್ಗೆ ಬರೆದಾಗ ನನಗೆ ಬಂದದ್ದು ಒಂದೇ ಉತ್ತರ. ‘ನಿಜವಾಗಲೂ ಕೆಂಪಗಿರುತ್ತಾ?’ ಅಷ್ಟೇ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಬೆರಳಿನಿಂದ ಕುಟ್ಟುತ್ತ ಒಂದು ತಾಸು ಕೂತಿದ್ದೆ. ಅದೇ ದಿನ ಮಂಗಳೂರಿನವನೊಬ್ಬ ತನ್ನ ಅಜ್ಜ ಸೂರ್ಯನನ್ನು ನೋಡಿದರೆ ಸೀನುತ್ತಾನೆಂದು ಎರಡು ಸಾಲು ಬರೆದ. ಅವನಿಗೆ ನಲವತ್ತು ಜನ ಉತ್ತರಿಸಿದರು. ನನಗೆ ಹೊಟ್ಟೆ ಉರಿಯಿತು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನಾನು ನಂದೂರಿನ ಒಂದು ದಾಲ್ ಮಿಲ್ಲಿನಲ್ಲಿ ಗುಮಾಸ್ತ. ಸಂಜೆ ತೊಗರಿಯ ಧೂಳು ಕೊಡವಿಕೊಂಡು ಗುಲಬರ್ಗಾದ ಸೂಪರ್ ಮಾರ್ಕೆಟ್ ಪೇಟೆಗೆ ಬಂದು, ಬಟ್ಟೆ ಅಂಗಡಿಯ ಮೇಲಿನ ಸೈಬರ್ ಕೆಫೆ ಹತ್ತುತ್ತಿದ್ದೆ. ಇಂಟರ್ನೆಟ್ಟಿನಲ್ಲಿ ನಮ್ಮದೊಂದು ಹರಟೆಯ ಗುಂಪು ಇತ್ತು. ಮೈಸೂರು, ಶಿವಮೊಗ್ಗ, ದುಬೈ, ಎಲ್ಲೆಲ್ಲಿಯೋ ಇದ್ದ ಕನ್ನಡದವರು. ಹಲ್ಲಿ ತಲೆಯ ಮೇಲೆ ಬಿದ್ದರೆ ನಿಮ್ಮಲ್ಲಿ ಏನಂತಾರೆ, ಹಲಸಿನ ಅಂಟು ಹೇಗೆ ತೆಗೆಯುತ್ತಾರೆ, ಇಂಥವೇ ಮಾತು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಒಳ್ಳೆಯ ಜನ. ನಾನೂ ಒಳ್ಳೆಯವನೇ ಇದ್ದೆ ಎಂದು ಬರೆಯುವ ಆಸೆಯಿದೆ, ಆದರೆ ಇಷ್ಟು ವಯಸ್ಸಾದ ಮೇಲೆ ಸುಳ್ಳು ಯಾಕೆ? ನನ್ನ ಗುಲಬರ್ಗಾ ಭಾಷೆಯನ್ನು ಅವರು ಆಡಿಕೊಳ್ಳುತ್ತಿದ್ದರು. ಅವರೆಲ್ಲ ನನ್ನ ಸುತ್ತ ಕೂತು ಬಾಯಿ ಬಿಟ್ಟು ಕೇಳಬೇಕು, ಅದೊಂದೇ ನನಗೆ ಬೇಕಾಗಿದ್ದು.

‘ನಮ್ಮ ಮನೆಯ ವಿಚಿತ್ರ’ ಎಂಬ ಹೊಸ ಚರ್ಚೆ ಶುರುವಾದಾಗ ನಾನು ಅಕ್ಕನನ್ನು ಬರೆದೆ.

ಅಕ್ಕನನ್ನು ಕಮಲಾಪುರಕ್ಕೆ ಕೊಟ್ಟಿತ್ತು. ಎರಡು ಹೆಣ್ಣುಮಕ್ಕಳು, ಮೂರನೆಯದಕ್ಕೆ ಬಸುರಿ. ಆಕೆ ಮಣ್ಣು ತಿನ್ನುತ್ತಿದ್ದಳು. ಹೊಲದ ಬದುವಿನ ಕೆಂಪು ಹೆಂಟೆ ತಂದು, ಹಂಚಿನ ಮೇಲೆ ಹುರಿದು, ಹಳೆಯ ಬಿಸ್ಕೀಟಿನ ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದಳು. ಅತ್ತೆ ಒಮ್ಮೆ ಕಂಡು ಬಾಯಿಗೆ ಬಂದಂತೆ ಬೈದಿದ್ದಳು. ನಮ್ಮವ್ವ ಬಸುರಿ ಬಯಕಿ ಎಂದು ನಕ್ಕು ಬಿಟ್ಟಳು. ಬಸುರಿಲ್ಲದಾಗಲೂ ತಿನ್ನುತ್ತಾಳೆ ಎನ್ನುವುದು ಗೊತ್ತಿದ್ದದ್ದು ನನಗೊಬ್ಬನಿಗೆ. ಯಾರಿಗೂ ಹೇಳಬೇಡ ಎಂದು ನನ್ನ ಕೈ ಹಿಡಿದು ಕೇಳಿಕೊಂಡಿದ್ದಳು.

ಆ ಕೈಯಿಂದಲೇ ಕುಟ್ಟಿದೆ. ಮರುದಿನ ಅರವತ್ತು ಉತ್ತರ.

ಆಮೇಲೆ ನಾನು ಪ್ರತಿ ರವಿವಾರ ಕಮಲಾಪುರದ ಬಸ್ಸು ಹತ್ತತೊಡಗಿದೆ. ಮೊದಲು ಹಬ್ಬಕ್ಕೊಮ್ಮೆ ಮುಖ ತೋರಿಸುತ್ತಿದ್ದವನು. ಅಡುಗೆಮನೆಯ ಮೂಲೆಯಲ್ಲಿ ಅಕ್ಕನ ಎದುರು ಕೂತು ಬಿಡಿಸಿ ಬಿಡಿಸಿ ಕೇಳುತ್ತಿದ್ದೆ. ಯಾವ ಹೊಲದ್ದು ರುಚಿ? ಹುರಿದದ್ದೋ, ಹಸಿಯದ್ದೋ? ದಿನಕ್ಕೆ ಎಷ್ಟು? ಆಕೆ ಮೊದಲು ನಾಚಿದಳು, ಬರಬರುತ್ತ ತಾನೇ ಹೇಳತೊಡಗಿದಳು. ಮುಖ ಬಿಳಿಚಿಕೊಂಡಿತ್ತು. ಕೊಡ ಎತ್ತಿದರೆ ಏದುಸಿರು ಬರುತ್ತಿತ್ತು. ಅದನ್ನೂ ನೋಡಿದೆ, ಅದನ್ನೂ ಬರೆದೆ. ‘ಮಣ್ಣಿನ ಅಕ್ಕ ಈ ವಾರ ಏನು ಮೆದ್ದಳು?’ ಎಂದು ದುಬೈಯವನು ಸೋಮವಾರ ಬೆಳಗ್ಗೆಯೇ ಕೇಳಿರುತ್ತಿದ್ದ. ಹೇಳಲು ಏನೂ ಇಲ್ಲದ ವಾರ ಮಣ್ಣಿನ ಚಟ್ನಿ ಮಾಡಿದಳೆಂದು ನಾನೇ ಕಟ್ಟಿದೆ. ಒಬ್ಬ ಅದಕ್ಕೆ ಒಗ್ಗರಣೆ ಹೇಳಿಕೊಟ್ಟ.

ನಗುವಿನ ನಡುವೆ ಮೈಸೂರು ಕಡೆಯ ಒಬ್ಬ ನಿವೃತ್ತ ನರ್ಸ್ ಬರೆದರು. “ಮಗೂ, ಇದು ನಗುವ ವಿಷಯ ಅಲ್ಲ. ಮೈಯಲ್ಲಿ ರಕ್ತ ಕಮ್ಮಿಯಾದವರು ಹೀಗೆ ಮಣ್ಣು ತಿಂತಾರೆ. ಬಸುರಿ ಬೇರೆ. ಈ ವಾರವೇ ಕರಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸು.”

ಓದಿದೆ. ಅರ್ಥವಾಗಲಿಲ್ಲ ಎನ್ನುವಂತಿಲ್ಲ, ಚೆನ್ನಾಗಿ ಅರ್ಥವಾಯಿತು. ಅಕ್ಕನಿಗೆ ಔಷಧ ಕೊಟ್ಟರೆ ಮಣ್ಣು ಬಿಡುತ್ತಾಳೆ, ಮಣ್ಣು ಬಿಟ್ಟರೆ ಸೋಮವಾರ ನನ್ನನ್ನು ಕೇಳುವವರು ಯಾರು? ಇಷ್ಟು ಸ್ಪಷ್ಟವಾಗಿ ಯೋಚಿಸಲಿಲ್ಲ, ಆದರೆ ಯೋಚಿಸಿದ್ದು ಇದನ್ನೇ. ‘ನಮ್ಮ ಕಡೆ ಮಣ್ಣಿನಲ್ಲೇ ಕಬ್ಬಿಣ ಇದೆ ಅಮ್ಮಾ, ಅದಕ್ಕೇ ಕೆಂಪು. ಅಕ್ಕ ಟಾನಿಕ್ಕೇ ತಿಂತಾ ಇದ್ದಾಳೆ’ ಎಂದು ಉತ್ತರ ಬರೆದೆ. ಗುಂಪಿನಲ್ಲಿ ಅಷ್ಟು ನಗು ಹಿಂದೆಂದೂ ಎದ್ದಿರಲಿಲ್ಲ. ನರ್ಸ್ ಮತ್ತೆ ಎರಡು ಸಲ ಕೇಳಿದರು. ನಾನು ಉತ್ತರಿಸಲಿಲ್ಲ.

ಐದು ತಿಂಗಳ ಮೇಲೆ ಅಕ್ಕನನ್ನು ಜೀಪಿನಲ್ಲಿ ಹಾಕಿಕೊಂಡು ಗುಲಬರ್ಗಾದ ಆಸ್ಪತ್ರೆಗೆ ತಂದರು. ಹೆರಿಗೆಯಾಯಿತು, ರಕ್ತ ನಿಲ್ಲಲಿಲ್ಲ. ಬಾಟಲಿಯ ಮೇಲೆ ಬಾಟಲಿ ರಕ್ತ ಏರಿಸಿ ಆಕೆಯನ್ನು ಉಳಿಸಿದರು. ಕೂಸು ಉಳಿಯಲಿಲ್ಲ.

ಡಾಕ್ಟರಮ್ಮ ಹೊರಗೆ ಬಂದು, “ಈಕಿ ಮಣ್ಣು ಗಿಣ್ಣು ತಿಂತಿದ್ಳೇನ್ರಿ?” ಎಂದು ಕೇಳಿದರು. ಅತ್ತೆ, ತಮ್ಮ ಮನೆಯಲ್ಲಿ ಅಂಥದ್ದೇನೂ ಇಲ್ಲವೆಂದಳು. ಅಕ್ಕನ ಗಂಡ ನೆಲ ನೋಡಿದ. ನಾನು ಗೋಡೆಗೆ ಅಂಟಿಸಿದ್ದ ಲಸಿಕೆಯ ಪಟ್ಟಿ ಓದುತ್ತ ನಿಂತೆ. ನಾಕು ತಿಂಗಳ ಹಿಂದೆ ತಂದಿದ್ದರೆ ಬರೀ ಗುಳಿಗೆಯಲ್ಲಿ ಮುಗಿಯುತ್ತಿತ್ತು ಎಂದು ಹೇಳಿ ಅವರು ಒಳಗೆ ಹೋದರು.

ಮೂರನೆಯ ದಿನ ಅಕ್ಕ ಮಾತಾಡಿದಳು. ಮಂಚದ ಹತ್ತಿರ ನಾನೊಬ್ಬನೇ ಇದ್ದೆ. “ಎಲ್ಲಾರೂ ನನಗ ಬೈದರು, ಇಲ್ಲಾ ನಕ್ಕರು,” ಎಂದಳು. “ನೀ ಒಬ್ಬಾಂವ ವಾರಾ ವಾರಾ ಬಂದು ಏನ್ ತಿಂದಿ, ಹೆಂಗ್ ಅದಿ ಅಂತ ಕೇಳ್ತಿದ್ದಿ. ನನ್ನ ಮ್ಯಾಲ ಇಷ್ಟು ಜೀವ ಇಟ್ಟೋರು ಯಾರ್ ಅದಾರ ತಮ್ಮಾ?”

ನಾನು ಆಕೆಯ ಚಾದರ ಸರಿ ಮಾಡಿದೆ. ಹೇಳಬಹುದಿತ್ತು. ಹೇಳಲಿಲ್ಲ, ಇಂದಿನವರೆಗೂ ಹೇಳಿಲ್ಲ.

ಆವತ್ತು ಸಂಜೆ ಕಾಲುಗಳು ಮತ್ತೆ ಸೂಪರ್ ಮಾರ್ಕೆಟ್ಟಿಗೇ ಹೋದವು. ನರ್ಸ್ ಬರೆದಿದ್ದರು. ‘ನಿನ್ನ ಅಕ್ಕನಿಗೆ ದಿನ ತುಂಬಿರಬೇಕು. ಹೇಗಿದ್ದಾಳೆ?’ ಈ ಸಲ ಉಳಿದವರೂ ಕಾಯುತ್ತಿದ್ದರು. ನಾನು ಬರೆದೆ: ಎಲ್ಲ ಕಟ್ಟುಕಥೆ, ನನಗೆ ಅಕ್ಕನೇ ಇಲ್ಲ.

ಗುಂಪು ಭೇಷ್ ಅಂದಿತು. ಇಷ್ಟು ದಿನ ಎಲ್ಲರನ್ನೂ ನಂಬಿಸಿದೆಯಲ್ಲ, ಕಥೆ ಬರೆಯಪ್ಪಾ, ಎಂದು ಮಂಗಳೂರಿನವನು ಬೆನ್ನು ತಟ್ಟಿದ. ಎಲ್ಲರ ಕೊನೆಗೆ ನರ್ಸ್ ಉತ್ತರ ಬಂತು. “ಸದ್ಯ ಬದುಕಿದೆ ಮಗೂ. ಇಷ್ಟು ತಿಂಗಳಿಂದ ಆ ಹುಡುಗಿಯದೇ ಚಿಂತೆಯಾಗಿತ್ತು ನನಗೆ. ಹಾಗಾದರೆ ಯಾರಿಗೂ ಏನೂ ಆಗಿಲ್ಲ ತಾನೇ?”

ಯಾರಿಗೂ ಏನೂ ಆಗಿಲ್ಲ ಎಂದು ಬರೆದೆ. ಅಕ್ಕನಿಗೆ ಗಂಜಿ ಒಯ್ಯುವ ಹೊತ್ತಾಗಿತ್ತು, ಎದ್ದೆ.