ಮಣೆಯ ಮೇಲೆ ಕೂತು ಕನ್ಯೆ ನೋಡಲು

ಎರಡು ಮೂರು ಕಡೆ ಕನ್ಯೆ ನೋಡಿ, ಎಲ್ಲ ಕಡೆಯಿಂದಲೂ ಒಲ್ಲೆ ಎನ್ನಿಸಿಕೊಂಡ ಮೇಲೆ ನಾನು ಕರೆಂಟಿನ ಕಾರು ಕೊಂಡೆ. ಹುಡುಗನನ್ನು ಬಿಟ್ಟರೂ ಕಾರನ್ನಾದರೂ ಮೆಚ್ಚಲಿ ಎಂದು. ಆಮೇಲೆ ಬಂದದ್ದು ರಾಮದುರ್ಗದ ಸಂಬಂಧ. ಫೋಟೊ ನೋಡಿದಾಗಲೇ ನನ್ನ ನಿದ್ದೆ ಹೋಗಿತ್ತು. ಇದೂ ತಪ್ಪಿದರೆ ಇನ್ನೆಲ್ಲಿಗೂ ಬರುವುದಿಲ್ಲ ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದೆ.

ಹೊರಡುವ ಮುಂಜಾನೆ ಅವ್ವ ಕುಂಕುಮ ಹಚ್ಚಲು ಬಾನೆಟ್ ತೆಗೆಸಿದಳು. ಒಳಗೆ ದಪ್ಪ ಕಿತ್ತಳೆ ಬಣ್ಣದ ವೈರು, ಪಕ್ಕದಲ್ಲಿ ಮಿಂಚಿನ ಗುರುತಿನ ಹಳದಿ ಚೀಟಿ. ದೊಡವಾಡದ ನಮ್ಮ ಹೊಲದ ಪಂಪಿನ ಸ್ಟಾರ್ಟರ್ ಡಬ್ಬಿಯ ಮೇಲೂ ಅದೇ ಗುರುತಿದೆ. ಅವ್ವನ ಕೈ ಅಲ್ಲೇ ನಿಂತಿತು.

"ಇದರಾಗ ಎಷ್ಟ ಕರೆಂಟ್ ಐತಿ?"

ಸುಳ್ಳು ಹೇಳಬೇಕಿತ್ತು. ಹೇಳಲಿಲ್ಲ. "ನಾನೂರು ವೋಲ್ಟ್. ಬ್ಯಾಟರಿ ನಮ್ಮ ಕಾಲ ಕೆಳಗ ಇರ್ತೈತಿ. ಆದ್ರ ಗಾಡಿ ಮೈಗೆ ಕರೆಂಟ್ ಹತ್ತೂದಿಲ್ಲಬೇ. ಏನರ ಆದ್ರ ತಾನ ಕಟ್ ಆಗ್ತೈತಿ."

ಅವ್ವನಿಗೆ ಕೇಳಿಸಿದ್ದು ನಾನೂರು ಮಾತ್ರ. ಹೊಲದಲ್ಲಿ ಫ್ಯೂಸ್ ಹಾಕುವಾಗ ನಾವು ರಬ್ಬರ್ ಚಪ್ಪಲಿ ಮೆಟ್ಟಿ, ಒಣ ಹಲಗೆಯ ಮೇಲೆ ನಿಲ್ಲುತ್ತೇವೆ. ಅದೇ ಕಾನೂನು ಕಾರಿಗೂ ಬಂತು. ಊಟದ ಮಣೆ ತಂದು ಸೀಟಿನ ಮೇಲಿಟ್ಟು, ಇಳಕಲ್ ಸೀರೆ ಸರಿಮಾಡಿಕೊಂಡು ಅವ್ವ ಅದರ ಮೇಲೆ ಕೂತಳು. ನನ್ನ ಹೊಸ ಬೂಟು ಮನೆಯಲ್ಲೇ ಉಳಿಯಿತು.

"ತೊಗಲ ಬೂಟಿಗೆ ಕರೆಂಟ್ ಹಿಡೀತೈತಿ," ಎಂದು ಬಚ್ಚಲಮನೆಯ ನೀಲಿ ಹವಾಯಿ ಚಪ್ಪಲಿ ಮುಂದೆ ಎಸೆದಳು.

ಮುನವಳ್ಳಿಯ ರಸ್ತೆ ಹಂಪುಗಳಲ್ಲಿ ಮಣೆ ಹಾರಿತು, ಅದರ ಮೇಲೆ ಅವ್ವನೂ ಹಾರಿದಳು. ತಲೆ ಕಾರಿನ ಚಾವಣಿಗೆ ಬಡಿದಾಗಲೆಲ್ಲ, "ನೋಡು, ಹೊಡೀತು ಕರೆಂಟ್!" ಎಂದಳು. ವಾದ ಮಾಡುವಷ್ಟು ಧೈರ್ಯ ನನಗಿರಲಿಲ್ಲ.

ರಾಮದುರ್ಗದಲ್ಲಿ ಹುಡುಗಿಯ ಮನೆಯವರೆಲ್ಲ ಕಾರು ನೋಡಲು ಹೊರಗೆ ಬಂದರು. ನೋಡಿದ್ದು ನನ್ನ ಕಾಲು. ಇಸ್ತ್ರಿ ಪ್ಯಾಂಟಿನ ಕೆಳಗೆ ಆ ಚಪ್ಪಲಿ! ನಾಚಿಕೆಯಿಂದ ಸತ್ತೇಹೋದೆ. ಸೀಟಿನ ಮೇಲಿನ ಮಣೆ, ನನ್ನ ಚಪ್ಪಲಿ ನೋಡಿ ಕರೆಂಟಿನ ಭಯವೆಂದು ಊಹಿಸಿದ ಹುಡುಗಿ, ಅವಲಕ್ಕಿ ತಂದಿಟ್ಟು ನೇರವಾಗಿಯೇ ಕೇಳಿದಳು: "ಕರೆಂಟಿಗೆ ಇಷ್ಟ ಅಂಜಾವ್ರು ಈ ಗಾಡಿ ಯಾಕ ತಗೊಂಡ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು: "ಅಂವಾ ಅಂಜೂದಿಲ್ಲ ತಂಗಿ. ಅಂಜಾಕಿ ನಾನು. ನಾ ಹೇಳೇನಂತ ಚಪ್ಪಲಿ ಹಾಕ್ಕೊಂಡಾನ."

ಹುಡುಗಿ ನಗು ತಡೆಯಲಾರದೆ ಒಳಗೆ ಓಡಿದಳು. ಇದೂ ಹೋಯಿತು ಎಂದುಕೊಂಡೆ.

ಮರುದಿನ ಒಪ್ಪಿಗೆಯ ಫೋನ್ ಬಂತು. ಮದುವೆಯಾದ ಮೇಲೆ, ಕಾರು ನೋಡಿಯೇ ಒಪ್ಪಿದೆಯಲ್ಲ ಎಂದು ಹೆಂಡತಿಯನ್ನು ಕೇಳಿದೆ.

"ಕಾರು ಯಾರಿಗೆ ಬೇಕಾಗಿತ್ತರಿ?" ಎಂದಳು. "ಹೆಣ್ಣಮಕ್ಕಳ ಮಾತಿಗೆ ಹೂಂ ಅನ್ನಾಂವ ಸಿಕ್ಕಾನ, ಬಿಡಬಾರದು ಅಂದ್ನಿ."

ಈಗ ಮನೆಯಲ್ಲಿ ಇಬ್ಬರಿಗೂ ಹೂಂ ಅನ್ನುತ್ತಿದ್ದೇನೆ.