ಪೆಟ್ಟಿಗೆಗೆ ಅಮಾವಾಸ್ಯೆಯ ರಜೆ

ಚಳ್ಳಕೆರೆಯ ಒಂದು ಸಣ್ಣ ಇಂಟರ್‌ನೆಟ್ ಕಂಪನಿಯ ಆಫೀಸಿನಲ್ಲಿ ನಾನು ಕೂರುತ್ತೇನೆ. ಕೂರುತ್ತೇನೆ ಎಂಬುದೇ ಸರಿಯಾದ ಮಾತು. ಲೈನ್‌ಮನ್ ಯಾವುದೋ ಕಂಬದ ಮೇಲಿರುತ್ತಾನೆ, ಮಾಲೀಕರು ಚಿತ್ರದುರ್ಗದಲ್ಲಿರುತ್ತಾರೆ. ಒಳಗೆ ನಾನು, ಕಂಪ್ಯೂಟರು, ಗೊರಗೊರ ಎನ್ನುವ ಒಂದು ಫ್ಯಾನು.

ನಮ್ಮ ಕೇಬಲ್ ಇಲ್ಲಿಂದ ಬಿ.ಜಿ. ಕೆರೆ, ಕೊಂಡ್ಲಹಳ್ಳಿ ದಾಟಿ ಮೊಳಕಾಲ್ಮುರಿಗೆ ಹೋಗುತ್ತದೆ. ಪ್ರತಿ ಊರಿನಲ್ಲೂ ನೆಟ್ ಹಂಚುವ ಒಂದು ಪೆಟ್ಟಿಗೆ. ಅವು ಗಳಿಗೆಗೊಮ್ಮೆ ಪಕ್ಕದ ಪೆಟ್ಟಿಗೆಗೆ ‘ನಾನಿದ್ದೇನೆ’ ಎಂದು ಹೇಳಿಕೊಳ್ಳುತ್ತಿರುತ್ತವೆ. ಯಾವುದನ್ನು ಕೇಳಿದರೂ ತನ್ನ ಪಕ್ಕದವರ ಹೆಸರನ್ನಷ್ಟೇ ಹೇಳುತ್ತದೆ. ಅದರಾಚೆಯವರು ಅದಕ್ಕೆ ಗೊತ್ತಿಲ್ಲ. ಹಾಗಾಗಿ ನಾನು ಕುಳಿತಲ್ಲಿಂದಲೇ ಪಾಸ್‌ವರ್ಡ್ ಕೊಟ್ಟು ಬಿ.ಜಿ. ಕೆರೆಯ ಪೆಟ್ಟಿಗೆಯೊಳಗೆ ಹೋಗಬೇಕು, ಅಲ್ಲಿಂದ ಕೊಂಡ್ಲಹಳ್ಳಿಯದಕ್ಕೆ, ಅಲ್ಲಿ ಮತ್ತೆ ‘ನಿನ್ನ ಪಕ್ಕ ಯಾರಿದ್ದಾರೆ’ ಎಂದು ಕೇಳಬೇಕು. ಸ್ವಲ್ಪ ಹೊತ್ತು ದನಿ ಕೇಳದಿದ್ದರೆ ಪಕ್ಕದವರ ಹೆಸರನ್ನು ಅಳಿಸಿಬಿಡುತ್ತವೆ. ಮುಲಾಜೇ ಇಲ್ಲ. ನಾನು ಬಾಡಿಗೆಗಿರುವ ಮನೆಯ ಪಕ್ಕದವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಅವರಿಗೂ ನನ್ನದು ಗೊತ್ತಿರಲಾರದು.

ಒಂದು ದಿನ ಬೆಳಿಗ್ಗೆ ಮೊಳಕಾಲ್ಮುರಿನಿಂದ ಫೋನಿನ ಮೇಲೆ ಫೋನು, ನೆಟ್ ಇಲ್ಲವೆಂದು. ಕೊಂಡ್ಲಹಳ್ಳಿಯ ಪೆಟ್ಟಿಗೆಯನ್ನು ಕೇಳಿದೆ. ಬಿ.ಜಿ. ಕೆರೆಯ ಹೆಸರೊಂದೇ ಬಂತು, ಮೊಳಕಾಲ್ಮುರಿನದು ಇಲ್ಲ. ಜೆಸಿಬಿಯವರೇ ಕೇಬಲ್ ಕಿತ್ತಿದ್ದಾರೆಂದು ಬೈದುಕೊಂಡು ಲೈನ್‌ಮನ್‌ನನ್ನು ಓಡಿಸಿದೆ. ಅವನು ಬಿಸಿಲಲ್ಲಿ ದಾರಿಯುದ್ದಕ್ಕೂ ಕೇಬಲ್ ನೋಡುತ್ತಾ ಹೋಗಿ ಕೊನೆಗೆ ಫೋನ್ ಮಾಡಿದ.

“ಕೇಬಲ್ ಸರಿಯಾಗೇ ಐತ್ರಿ ಮೇಡಂ. ಇವತ್ತು ಅಮಾಸೆ ಅಂತ ಪ್ಲಗ್ ಕಿತ್ತಿಟ್ಟಾರೆ.”

ಅಲ್ಲಿಯ ಪೆಟ್ಟಿಗೆ ಇದ್ದದ್ದು ರೇಷ್ಮೆ ಸೀರೆ ನೇಯುವವರ ಮನೆಯಲ್ಲಿ, ಮಗ್ಗದ ಪಕ್ಕದ ಗೋಡೆಯ ಮೇಲೆ. ಅಮಾವಾಸ್ಯೆಗೆ ಅವರು ನೇಯುವುದಿಲ್ಲ. ಮಗ್ಗಕ್ಕೆ ಪೂಜೆ ಮಾಡಿ ಬಿಡುವು ಕೊಡುತ್ತಾರೆ. ಮನೆಯ ಹಿರಿಯಮ್ಮ ಪೆಟ್ಟಿಗೆಗೂ ಕುಂಕುಮವಿಟ್ಟು ರಜೆ ಕೊಟ್ಟಿದ್ದರು. ನಾನು ರೇಗಿಕೊಂಡೇ ಅವರಿಗೆ ಫೋನ್ ಹಚ್ಚಿದೆ.

“ಹಗಲೂ ರಾತ್ರಿ ಮಿಣಿಮಿಣಿ ಅಂತೈತಮ್ಮಾ ಪಾಪಂ. ಒಂದಿನಾನಾದ್ರೂ ಸುಮ್ನಿರ್ಲಿ ಅಂತ ತೆಗ್ದೆ” ಎಂದರು. ಪ್ಲಗ್ ಹಾಕಿದ ಮೇಲೆ ಕೇಳಿದರು, “ಅದಿರ್ಲಿ, ನೀನು ತಿಂದ್ಯಾ?”

ಅವ್ವ ತೀರಿಕೊಂಡ ಮೇಲೆ ನನ್ನನ್ನು ಯಾರೂ ಕೇಳದ ಮಾತು. ಎಣ್ಣೆ ಮಿಲ್ಲಿನಲ್ಲಿ ದುಡಿಯುವ ನನ್ನ ಅಣ್ಣಂದಿರಿಗೆ ಅವರವರ ಸಂಸಾರ. ಬೈಯಬೇಕೆಂದು ಜೋಡಿಸಿಟ್ಟುಕೊಂಡಿದ್ದನ್ನೆಲ್ಲ ಬಿಟ್ಟು ‘ಇನ್ನೂ ಇಲ್ಲ’ ಎಂದೆ.

ಆಮೇಲೆ ತಿಂಗಳಿಗೊಮ್ಮೆ ಇದೇ ಕತೆ. ಎಷ್ಟು ಹೇಳಿದರೂ ಆ ತಾಯಿ ಕೇಳುವವರಲ್ಲ. ಮೊಳಕಾಲ್ಮುರು ಮರೆಯಾದರೆ ನಾನು ಮೊದಲು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಅಮಾವಾಸ್ಯೆಯಾದರೆ ಲೈನ್‌ಮನ್ ಆರಾಮಾಗಿ ಟೀ ಕುಡಿಯಬಹುದು, ನಾನು ಫೋನ್ ಮಾಡಬಹುದು. ಪ್ಲಗ್ಗಿನ ಮಾತು ಅರ್ಧ ನಿಮಿಷಕ್ಕೆ ಮುಗಿಯುತ್ತಿತ್ತು. ಏನು ಸಾರು, ಒಬ್ಬಳೇ ಅಂತ ರಾತ್ರಿ ಅಡುಗೆ ಮಾಡ್ದೆ ಇರ್ತೀಯಾ ಹೆಂಗೆ, ಇಂಥವು ಮುಗಿಯುತ್ತಿರಲಿಲ್ಲ. ಬರಬರುತ್ತಾ ಆ ದಿನಕ್ಕಾಗಿ ಕಾಯತೊಡಗಿದೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಕಾಯುತ್ತಿದ್ದೆ.

ಗಿರಾಕಿಗಳ ಬೈಗುಳ ಮಾಲೀಕರ ಕಿವಿಗೂ ಬಿತ್ತು. ಪೆಟ್ಟಿಗೆಯನ್ನು ಅದೇ ಊರಿನ ಮೊಬೈಲ್ ಟವರ್ ಪಕ್ಕದ ಕೋಣೆಗೆ ಸಾಗಿಸಿ, ಬ್ಯಾಟರಿ ಇಟ್ಟು, ಬೀಗ ಹಾಕಿಸಿದರು. ಇಲ್ಲಿಂದಲೇ ಪರೀಕ್ಷೆ ಮಾಡಿ ‘ಸರಿಯಾಗಿದೆ’ ಎಂದವಳು ನಾನೇ.

ಮುಂದಿನ ಅಮಾವಾಸ್ಯೆ ಬಂತು. ಕೊಂಡ್ಲಹಳ್ಳಿಯನ್ನು ಕೇಳಿದೆ, ಪಕ್ಕದಲ್ಲಿ ಮೊಳಕಾಲ್ಮುರು ಇದೆ ಎಂದಿತು. ಮತ್ತೆ ಕೇಳಿದೆ. ಇದೆ. ಎಲ್ಲ ಸರಿಯಾಗಿರುವುದರ ಮೇಲೆ ಅಷ್ಟು ಸಿಟ್ಟು ನನಗೆ ಯಾವತ್ತೂ ಬಂದಿರಲಿಲ್ಲ. ಮಧ್ಯಾಹ್ನದವರೆಗೆ ತಡೆದುಕೊಂಡೆ. ಆಮೇಲೆ ಫೋನ್ ಮಾಡಿದೆ.

“ಪೆಟ್ಟಿಗೆ ಇಲ್ಲಿಲ್ವಲ್ಲಮ್ಮಾ, ಈಗೇನು ಹಾಕ್ಲಿ?” ಎಂದು ಅವರು ಗಾಬರಿಯಾದರು.

“ಏನೂ ಹಾಕೋದು ಬ್ಯಾಡವ್ವ. ಇದ್ದೀನಿ ಅಂತ ಹೇಳಾಕೆ ಮಾಡ್ದೆ.”

“ಇರು, ಮಗ್ಗಕ್ಕೆ ಹೂವ ಇಟ್ಟು ಬರ್ತೀನಿ. ಫೋನ್ ಇಡಬ್ಯಾಡ” ಎಂದರು.

ಫೋನನ್ನು ಎಲ್ಲೋ ಕೆಳಗಿಟ್ಟು ಹೋದರು. ಪೂಜೆಯ ಗಂಟೆ ಕೇಳಿತು. ಯಾರೋ ತೆಲುಗಿನಲ್ಲಿ ಏನೋ ಹೇಳಿದರು, ಮನೆಮಂದಿಯೆಲ್ಲ ನಕ್ಕರು. ಊಟಕ್ಕೆ ತಟ್ಟೆ ಹಾಕುವ ಸದ್ದಾಯಿತು, ಯಾರನ್ನೋ ಬಾ ಬಾ ಎಂದು ಕರೆದರು. ನನ್ನನ್ನು ಮರೆತೇಬಿಟ್ಟಿದ್ದರು. ನಾನು ಫೋನ್ ಇಡಲಿಲ್ಲ.